ತಾತನ ಫೋನಿಗೊಂದು ಅಲ್ಪವಿರಾಮ



ನಿಮ್ಮ ಮನೆಯಲ್ಲಿ ಇದು ಒಂದಲ್ಲ ಒಂದು ದಿನ ನಡೆದೇ ಇರುತ್ತದೆ. ನೀವು ಶಾಲೆಯಿಂದ ಬಂದು ಚೀಲ ಕೆಳಗಿಡುವುದರೊಳಗೆ ತಾತ ಕೂಗುತ್ತಾರೆ. ಕೆಲವರ ಮನೆಯಲ್ಲಿ ತಾತ, ಕೆಲವರ ಮನೆಯಲ್ಲಿ ಮುತ್ಯಾ. ಕೂಗು ಮಾತ್ರ ಒಂದೇ: "ಏ, ಬಾ ಇಲ್ಲಿ. ಈ ಫೋನಿಗೆ ಏನಾಗ್ಯದ ನೋಡು."

ಫೋನಿಗೆ ಏನೂ ಆಗಿರುವುದಿಲ್ಲ. ತಾತ ಯಾವುದೋ ಸಹಾಯವಾಣಿಗೆ ಫೋನ್ ಹಚ್ಚಿರುತ್ತಾರೆ. ಅತ್ತ ಕಡೆಯಿಂದ ಮನುಷ್ಯರ ಬದಲು ರೆಕಾರ್ಡ್ ಮಾಡಿದ ದನಿ ಬಂದಿರುತ್ತದೆ. ಈ ಭಾಷೆಗೆ ಒಂದು ಒತ್ತಿ, ಆ ಭಾಷೆಗೆ ಎರಡು ಒತ್ತಿ, ಇನ್ನೊಂದಕ್ಕೆ ಮೂರು ಒತ್ತಿ ಅಂತ ಅದು ಉಸಿರು ಬಿಡದೆ ಹೇಳುತ್ತಾ ಹೋಗುತ್ತದೆ. ಕನ್ನಡದ ಸರದಿ ಬಂದಾಗ ತಾತ ಫೋನನ್ನು ಕಿವಿಯಿಂದ ತೆಗೆದು ಕಣ್ಣ ಮುಂದೆ ಹಿಡಿಯುತ್ತಾರೆ. ಪರದೆ ಕಪ್ಪಗಿರುತ್ತದೆ. ಬೆಳಕು ಬಂದ ಮೇಲೆ ನೋಡಿದರೆ ಅಂಕಿಗಳೇ ಇಲ್ಲ, ಕೆಂಪು ಗುಂಡಿ ಒಂದೇ ದೊಡ್ಡದಾಗಿ ಕಾಣುತ್ತದೆ. ಕೀಪ್ಯಾಡ್ ತೆರೆಯುವ ಸಣ್ಣ ಚಿತ್ರ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಆ ದನಿ ಮತ್ತೆ ಮೊದಲಿಂದ ಶುರು ಮಾಡಿರುತ್ತದೆ, ಇಲ್ಲವೆ ಧನ್ಯವಾದ ಹೇಳಿ ಫೋನ್ ಇಟ್ಟಿರುತ್ತದೆ.

ಇದರಲ್ಲಿ ತಾತನ ತಪ್ಪು ಏನೂ ಇಲ್ಲ. ಸ್ಮಾರ್ಟ್‌ಫೋನಿನ ಮೇಲ್ತುದಿಯಲ್ಲಿ, ಕಿವಿಗೆ ತಾಗುವ ಕಡೆ, ಒಂದು ಸಣ್ಣ ಸಂವೇದಕ ಇರುತ್ತದೆ. ಬಹಳಷ್ಟು ಫೋನುಗಳಲ್ಲಿ ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೊರಗೆ ಬಿಡುತ್ತದೆ. ಹತ್ತಿರದಲ್ಲಿ ಕೆನ್ನೆಯೋ ಕಿವಿಯೋ ಇದ್ದರೆ ಬೆಳಕು ತಾಗಿ ಹಿಂದಕ್ಕೆ ಬರುತ್ತದೆ, ಆಗ ಫೋನು ಪರದೆಯನ್ನು ಆರಿಸುತ್ತದೆ. ಕೆನ್ನೆ ತಾಗಿ ಬೇಡದ ಗುಂಡಿ ಒತ್ತಬಾರದು ಎಂಬುದೇ ಅದರ ಉದ್ದೇಶ. ಒಳ್ಳೆಯ ಉಪಾಯವೇ. ಆದರೆ ಮಾತು ಕೇಳುತ್ತಲೇ ಅಂಕಿ ಒತ್ತಬೇಕಾದವರಿಗೆ ಅದೇ ಅಡ್ಡಿ. ಹಳೆಯ ಗುಂಡಿ ಫೋನಿನಲ್ಲಿ 5ರ ಮೇಲೆ ಒಂದು ಸಣ್ಣ ಉಬ್ಬು ಇರುತ್ತಿತ್ತು. ಕಣ್ಣು ಮುಚ್ಚಿಕೊಂಡು ಒತ್ತಿದರೂ ನಡೆಯುತ್ತಿತ್ತು. ಗಾಜಿನ ಪರದೆಯಲ್ಲಿ ಆ ಉಬ್ಬೂ ಹೋಯಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತಾತನ ಫೋನಿನಲ್ಲಿ ಸೇವ್ ಆಗಿರುವ ಸಹಾಯವಾಣಿಯ ನಂಬರಿಗೆ ಒಂದೆರಡು ವಿರಾಮದ ಗುರುತು ಸೇರಿಸಿ, ಕನ್ನಡದ ಅಂಕಿಯನ್ನು ಫೋನೇ ತಾನಾಗಿ ಒತ್ತುವಂತೆ ಮಾಡಿಡಬೇಕು. ಆ ಕೆಲಸ ನೀವೇ ಮಾಡಬೇಕು. ಆದರೆ ಅಷ್ಟೇ ಮಾಡಬೇಕು, ಅದಕ್ಕಿಂತ ಹೆಚ್ಚು ಮಾಡಬಾರದು. ಯಾಕೆ ಮಾಡಬೇಕು, ಯಾಕೆ ಅಷ್ಟಕ್ಕೇ ನಿಲ್ಲಿಸಬೇಕು, ಎರಡನ್ನೂ ಹೇಳ್ತೀನಿ, ಕೇಳ್ರಿ.

ವ್ಯಾಕರಣದ ಪಾಠ ಫೋನಿನಲ್ಲಿ

ಕನ್ನಡ ಪಾಠದಲ್ಲಿ ಲೇಖನ ಚಿಹ್ನೆಗಳನ್ನು ಓದಿದ್ದೀರಿ. ಕಾಮಾಕ್ಕೆ ನಮ್ಮ ವ್ಯಾಕರಣ ಇಟ್ಟ ಹೆಸರು ಅಲ್ಪವಿರಾಮ. ಸೆಮಿಕೋಲನ್‌ಗೆ ಇಟ್ಟ ಹೆಸರು ಅರ್ಧವಿರಾಮ. ಓದುವಾಗ ಅಲ್ಪವಿರಾಮ ಬಂದರೆ ಸ್ವಲ್ಪ ನಿಲ್ಲಬೇಕು, ಅರ್ಧವಿರಾಮ ಬಂದರೆ ಇನ್ನೂ ತುಸು ಹೆಚ್ಚು ನಿಲ್ಲಬೇಕು ಅಂತ ಟೀಚರ್ ಹೇಳಿರುತ್ತಾರೆ.

ಫೋನೂ ಇವೆರಡನ್ನೂ ಹಾಗೆಯೇ ಓದುತ್ತದೆ. ನಂಬರಿನ ನಡುವೆ , ಬಂದರೆ ಅದು ಸುಮಾರು 2 ಸೆಕೆಂಡು ನಿಂತು ಮುಂದಿನ ಅಂಕಿ ಒತ್ತುತ್ತದೆ. ಇದಕ್ಕೆ ಫೋನಿನ ಭಾಷೆಯಲ್ಲಿ ಪಾಜ್ ಅನ್ನುತ್ತಾರೆ. ; ಬಂದರೆ ಅದು ನಿಂತೇಬಿಡುತ್ತದೆ. "ಮುಂದಿನ ಅಂಕಿ ಕಳಿಸಲೇ?" ಅಂತ ಪರದೆಯ ಮೇಲೆ ಕೇಳಿ, ನೀವು ಹೂಂ ಎಂದು ಒತ್ತುವ ತನಕ ಕಾಯುತ್ತದೆ. ಇದು ವೇಯ್ಟ್. ಪಾಜ್ ಎಂದರೆ ಗಡಿಯಾರ ನೋಡಿಕೊಂಡು ಕಾಯುವುದು, ವೇಯ್ಟ್ ಎಂದರೆ ನಿಮ್ಮ ಮುಖ ನೋಡಿಕೊಂಡು ಕಾಯುವುದು. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಗುರುತು ಹೊಸದೇನಲ್ಲ. ಕಂಪ್ಯೂಟರುಗಳು ಟೆಲಿಫೋನ್ ತಂತಿಯ ಮೇಲೆ ಒಂದಕ್ಕೊಂದು ಮಾತಾಡಲು ಮೋಡೆಮ್ ಎಂಬ ಪೆಟ್ಟಿಗೆ ಬೇಕಾಗುತ್ತಿತ್ತು. ಅಮೆರಿಕದ ಹೇಯ್ಸ್ ಕಂಪನಿ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್‌ನಲ್ಲೂ ನಂಬರಿನ ನಡುವೆ ಕಾಮಾ ಹಾಕಿದರೆ ಅದು 2 ಸೆಕೆಂಡು ನಿಲ್ಲುತ್ತಿತ್ತು. ಆಗ ಕಚೇರಿಗಳಲ್ಲಿ ಹೊರಗಿನ ಲೈನು ಸಿಗಲು ಮೊದಲು ಒಂದು ಅಂಕಿ ತಿರುಗಿಸಿ, ಡಯಲ್ ಟೋನ್ ಬರುವ ತನಕ ಕಾದು, ಆಮೇಲೆ ನಂಬರು ತಿರುಗಿಸಬೇಕಿತ್ತು. ಮನುಷ್ಯನಿಗೆ ಕಾಯುವುದು ಗೊತ್ತು, ಯಂತ್ರಕ್ಕೆ ಅದನ್ನು ಕಲಿಸಬೇಕಾಯಿತು. ಆ ಕಲಿಸುವ ಗುರುತೇ ಕಾಮಾ.

ಒಂದು ಗುಂಡಿಗೆ ಎರಡು ಸ್ವರ

ಈಗ ಒಂದು ಪ್ರಶ್ನೆ. ನೀವು 5 ಒತ್ತಿದ್ದು ಅತ್ತ ಕಡೆಯ ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಮಾತು ಶುರುವಾದ ಮೇಲೆ ನಿಮಗೂ ಅದಕ್ಕೂ ನಡುವೆ ಇರುವುದು ಧ್ವನಿಯ ದಾರಿ ಒಂದೇ. ಹಾಗಾದರೆ ಅಂಕಿಯೂ ಧ್ವನಿಯಾಗಿಯೇ ಹೋಗಬೇಕು.

ಹಿಂದೆ ತಿರುಗಿಸುವ ಡಯಲ್ ಇದ್ದಾಗ ಬೇರೆ ಕ್ರಮವಿತ್ತು. 5 ತಿರುಗಿಸಿದರೆ ತಂತಿಯಲ್ಲಿ ಹರಿಯುವ ವಿದ್ಯುತ್ತು ಐದು ಸಲ ಕಡಿದು ಕೂಡುತ್ತಿತ್ತು. ಎಕ್ಸ್‌ಚೇಂಜಿನ ಯಂತ್ರ ಆ ಕಡಿತಗಳನ್ನು ಎಣಿಸುತ್ತಿತ್ತು. ಸೊನ್ನೆಗೆ ಹತ್ತು ಸಲ. ಅದು ಹತ್ತಿರದ ಎಕ್ಸ್‌ಚೇಂಜಿಗೆ ಮಾತ್ರ ತಿಳಿಯುವ ಭಾಷೆ, ದೂರದವರಿಗೆ ತಲುಪುತ್ತಿರಲಿಲ್ಲ.

1963ರ ನವೆಂಬರ್ 18ರಂದು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಎರಡು ಊರುಗಳಲ್ಲಿ ಒತ್ತುವ ಗುಂಡಿಯ ಫೋನು ಜನರ ಕೈಗೆ ಬಂತು. ಅದರಲ್ಲಿ ಪ್ರತಿ ಗುಂಡಿಗೂ ಎರಡು ಸ್ವರ. ಗುಂಡಿಗಳ ನಾಲ್ಕು ಅಡ್ಡಸಾಲುಗಳಿಗೆ ಮೇಲಿಂದ ಕೆಳಗೆ 697, 770, 852, 941 ಹರ್ಟ್ಸ್. ಮೂರು ಕಂಬಸಾಲುಗಳಿಗೆ ಎಡದಿಂದ ಬಲಕ್ಕೆ 1209, 1336, 1477 ಹರ್ಟ್ಸ್. 5 ಇರುವುದು ಎರಡನೇ ಅಡ್ಡಸಾಲು, ಎರಡನೇ ಕಂಬಸಾಲು. ಆದ್ದರಿಂದ 5 ಒತ್ತಿದರೆ 770 ಮತ್ತು 1336 ಒಟ್ಟಿಗೆ ಹಾಡುತ್ತವೆ. ನಕ್ಷತ್ರ ಮತ್ತು ಹ್ಯಾಶ್ ಗುಂಡಿಗಳು 1968ರಲ್ಲಿ ಸೇರಿದವು. ಈ ಪದ್ಧತಿಗೆ ಡಿಟಿಎಂಎಫ್ ಎಂದು ಹೆಸರು.

ಎರಡೇ ಸ್ವರ ಯಾಕೆ? ಒಂದೇ ಸ್ವರವಾದರೆ ನಮ್ಮ ಮಾತಿನಲ್ಲೋ, ಹಿಂದೆ ಹಾಡುವ ಟೀವಿಯಲ್ಲೋ ಆ ಆವೃತ್ತಿ ಸುಲಭವಾಗಿ ಬಂದುಬಿಡುತ್ತದೆ, ಯಂತ್ರ ಮೋಸ ಹೋಗುತ್ತದೆ. ಗೊತ್ತುಮಾಡಿದ ಎರಡು ಆವೃತ್ತಿ, ಒಂದೇ ಹೊತ್ತಿಗೆ, ಸರಿಸಮ ಜೋರಾಗಿ ಬರುವುದು ಬಹಳ ಅಪರೂಪ. ಇನ್ನೊಂದು ಜಾಣತನ ನೋಡ್ರಿ. ಯಾವುದೇ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು ಆವೃತ್ತಿಯ ಸ್ವರಗಳೂ ಸಣ್ಣಗೆ ಹುಟ್ಟಬಹುದು. 697ರ ಎರಡರಷ್ಟು 1394. ಪಟ್ಟಿಯಲ್ಲಿ 1336 ಇದೆ, 1477 ಇದೆ, 1394 ಇಲ್ಲ. 770ರ ಎರಡರಷ್ಟು 1540, ಅದೂ ಇಲ್ಲ. ಉಳಿದವನ್ನು ನೀವೇ ಗುಣಿಸಿ ನೋಡಿ. ಒಂದು ಅಂಕಿಯ ನೆರಳು ಇನ್ನೊಂದು ಅಂಕಿಯ ಮೇಲೆ ಬೀಳದಂತೆ ಆರಿಸಿದ ಸಂಖ್ಯೆಗಳಿವು.

ಮೊಬೈಲಿನಲ್ಲಿ ಒಂದು ಸಣ್ಣ ವ್ಯತ್ಯಾಸವಿದೆ. ಮೊಬೈಲು ಮಾತನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ. ಹಾಗೆ ಹಿಂಡಿದಾಗ ಶುದ್ಧ ಸ್ವರ ಕೆಡಬಹುದು. ಅದಕ್ಕೇ ಮೊಬೈಲು ಸ್ವರವನ್ನು ಕಳಿಸುವ ಬದಲು, "5 ಒತ್ತಿದ್ದಾರೆ" ಎಂಬ ಸುದ್ದಿಯನ್ನು ಬೇರೆಯಾಗಿ ಕಳಿಸುತ್ತದೆ. ಬೇಕಾದ ಕಡೆ ನೆಟ್‌ವರ್ಕ್ ಅದನ್ನು ಮತ್ತೆ ಸ್ವರವಾಗಿ ಮಾಡಿ ಮುಟ್ಟಿಸುತ್ತದೆ. ನೀವು ಕೈಯಿಂದ ಒತ್ತಿದರೂ ಅಷ್ಟೇ, ಕಾಮಾ ಆದ ಮೇಲೆ ಫೋನೇ ಒತ್ತಿದರೂ ಅಷ್ಟೇ. ಅತ್ತಲಿನ ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

ಮಾಡುವ ಬಗೆ

ಮೊದಲು ಒಂದು ಗಡಿಯಾರ ಇಟ್ಟುಕೊಂಡು ಆ ಸಹಾಯವಾಣಿಗೆ ಒಮ್ಮೆ ಫೋನ್ ಹಚ್ಚಿ. ಏನೂ ಒತ್ತಬೇಡಿ, ಕೇಳಿ, ಬರೆದುಕೊಳ್ಳಿ. ಫೋನ್ ಎತ್ತಿದ ಕ್ಷಣದಿಂದ ಎಣಿಸಿ. ರಿಂಗ್ ಆಗುವ ಹೊತ್ತನ್ನು ಎಣಿಸಬೇಡಿ, ಯಾಕೆಂದರೆ ಕಾಮಾದ ಲೆಕ್ಕ ಶುರುವಾಗುವುದೇ ಅತ್ತ ಕಡೆಯವರು ಎತ್ತಿದ ಮೇಲೆ. ಕನ್ನಡಕ್ಕೆ ಯಾವ ಅಂಕಿ? ಭಾಷೆಗಳ ಪಟ್ಟಿ ಎಷ್ಟನೇ ಸೆಕೆಂಡಿಗೆ ಮುಗಿಯಿತು? ಆಮೇಲೆ ಎಷ್ಟು ಹೊತ್ತು ಸುಮ್ಮನಿತ್ತು?

ಒಂದು ಲೆಕ್ಕ ಮಾಡೋಣ. ಕನ್ನಡಕ್ಕೆ 4, ಪಟ್ಟಿ ಮುಗಿದದ್ದು 9ನೇ ಸೆಕೆಂಡಿಗೆ, ಆಮೇಲೆ 5 ಸೆಕೆಂಡು ಮೌನ ಅಂತ ಇಟ್ಟುಕೊಳ್ಳಿ. ಅಂದರೆ ಬಾಗಿಲು ತೆರೆದಿರುವುದು 9ರಿಂದ 14ರವರೆಗೆ. ಒಂದು ಕಾಮಾ 2 ಸೆಕೆಂಡು. ನಾಲ್ಕು ಕಾಮಾ ಹಾಕಿದರೆ 8, ಬೇಗ ಆಯಿತು. ಐದಕ್ಕೆ 10, ಆರಕ್ಕೆ 12, ಏಳಕ್ಕೆ 14. ಏಳು ಅಂಚಿನ ಮೇಲೆ ನಿಲ್ಲುತ್ತದೆ. ಐದು ಅಥವಾ ಆರು ಸರಿ. ನಾನಾದರೆ ಆರು ಹಾಕುತ್ತೇನೆ, ಯಾಕೆಂದರೆ 12 ನಡುವಿನ ಹತ್ತಿರ ಇದೆ. ಎರಡೂ ಕಡೆ ತುಸು ತಪ್ಪಿಗೆ ಜಾಗ ಸಿಗುತ್ತದೆ. ಆಗ ಸೇವ್ ಮಾಡುವುದು ಹೀಗೆ: ಮೊದಲು ನಂಬರು, ಅದಕ್ಕೆ ಅಂಟಿಕೊಂಡು ,,,,,,4.

ಕೆಲವು ಯಂತ್ರಗಳು ಮಾತಿನ ನಡುವೆ ಒತ್ತಿದರೂ ಒಪ್ಪಿಕೊಳ್ಳುತ್ತವೆ. ಅಲ್ಲಿ ಒಂದೋ ಎರಡೋ ಕಾಮಾ ಸಾಕು. ಕೆಲವು ಮಾತು ಮುಗಿಯುವ ಮೊದಲು ಬಂದ ಅಂಕಿಯನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಯಾವುದು ಹೇಗೆ ಎಂಬುದು ಪ್ರಯೋಗ ಮಾಡಿದರೇ ಗೊತ್ತಾಗುವುದು.

ಕಾಮಾ ಹಾಕುವುದು ಎಲ್ಲಿ? ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಡಯಲ್ ಮಾಡುವ ಜಾಗದಲ್ಲಿ ನಂಬರು ಬರೆದ ಮೇಲೆ ಮೂರು ಚುಕ್ಕೆಯ ಗುರುತು ಒತ್ತಿದರೆ, 2 ಸೆಕೆಂಡಿನ ಪಾಜ್ ಸೇರಿಸು, ವೇಯ್ಟ್ ಸೇರಿಸು ಎಂಬ ಎರಡು ಸಾಲು ಬರುತ್ತವೆ. ಕಂಪನಿಯಿಂದ ಕಂಪನಿಗೆ ಅದರ ಜಾಗ ಬೇರೆ ಇರಬಹುದು. ಐಫೋನಿನ ಕೀಪ್ಯಾಡಿನಲ್ಲಿ ನಕ್ಷತ್ರದ ಗುಂಡಿಯನ್ನು ಒತ್ತಿ ಹಿಡಿದರೆ ಕಾಮಾ, ಹ್ಯಾಶ್ ಒತ್ತಿ ಹಿಡಿದರೆ ಸೆಮಿಕೋಲನ್. ಹಲವು ಗುಂಡಿ ಫೋನುಗಳಲ್ಲಿ ನಕ್ಷತ್ರದ ಗುಂಡಿಯನ್ನು ಬಿಟ್ಟು ಬಿಟ್ಟು ಒತ್ತುತ್ತಾ ಹೋದರೆ ಇಂಗ್ಲಿಷಿನ ಪಿ ಮತ್ತು ಡಬ್ಲ್ಯೂ ಅಕ್ಷರ ಬರುತ್ತವೆ. ಪಿ ಅಂದರೆ ಪಾಜ್, ಡಬ್ಲ್ಯೂ ಅಂದರೆ ವೇಯ್ಟ್. ಹೀಗಾಗಿ ಸ್ಮಾರ್ಟ್‌ಫೋನ್ ಇಲ್ಲದ ಮನೆಯವರೂ ಇದನ್ನು ಮಾಡಬಹುದು.

ಕನ್ನಡ ಎಲ್ಲೆಲ್ಲಿ ಸಿಗುತ್ತದೆ ಅಂದರೆ, ರೈಲ್ವೆಯ 139 ಸಹಾಯವಾಣಿ ಕನ್ನಡ ಸೇರಿ 12 ಭಾಷೆಗಳಲ್ಲಿದೆ. 2004ರ ಜನವರಿ 21ರಂದು ಶುರುವಾದ ಕಿಸಾನ್ ಕಾಲ್ ಸೆಂಟರ್ 22 ಭಾಷೆಗಳ ಸೇವೆ. ಅದರ ನಂಬರು 1800-180-1551. ನಮ್ಮ ಕಡೆಗೆ ರೈಲಿನ ವಿಚಾರ ಈಗ ಹೆಚ್ಚು ಬೇಕಾಗಿದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿ.ಮೀ. ಹೊಸ ಹಳಿ ಉದ್ಘಾಟನೆಯಾಯಿತು. ಕಾಚಿಗುಡ ಮತ್ತು ರಾಯಚೂರಿನ ನಡುವೆ ಮಕ್ತಲ್ ಮೇಲಿಂದ ರೈಲು ಓಡತೊಡಗಿತು. ರಾಯಚೂರಿನ ಆಸ್ಪತ್ರೆಗೆ ಹೋಗುವ ಅಜ್ಜಿ ರೈಲಿನ ಹೊತ್ತು ತಾನೇ ಕೇಳಿ ತಿಳಿದರೆ ಎಷ್ಟು ಚಂದ!

ಕಾಮಾ ಇನ್ನೊಂದು ಕಡೆಯೂ ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಆಸ್ಪತ್ರೆ, ಹಾಸ್ಟೆಲ್, ಕಚೇರಿಗಳಲ್ಲಿ ಮುಖ್ಯ ನಂಬರು ಒಂದೇ ಇದ್ದು, ಆಮೇಲೆ ಕೋಣೆಯದೋ ವಿಭಾಗದ್ದೋ ಮೂರಂಕಿಯ ಎಕ್ಸ್‌ಟೆನ್ಶನ್ ಒತ್ತಬೇಕಿರುತ್ತದೆ. ಅದು ಸಾಮಾನ್ಯವಾಗಿ ಬೇಗ ಬದಲಾಗುವುದಿಲ್ಲ. ಒಮ್ಮೆ ಕಾಮಾ ಹಾಕಿ ಸೇವ್ ಮಾಡಿದರೆ ಬಹುಕಾಲ ಬಾಳುತ್ತದೆ.

ಬಾಗಿಲವರೆಗೆ ಮಾತ್ರ

ಈಗ ನಿಮ್ಮಲ್ಲಿ ಜಾಣರಾದವರು ಕೇಳಬಹುದು: "ಸಾರ್, ಭಾಷೆಗೆ ಮಾತ್ರ ಯಾಕೆ? ಮುಂದಿನ ಅಂಕಿಗಳನ್ನೂ ಸೇರಿಸಿಬಿಟ್ಟರೆ ತಾತ ಏನೂ ಒತ್ತೋದೇ ಬೇಕಾಗಿಲ್ಲ."

ಬೇಡ ಅಂತ ನಾನು ಹೇಳುತ್ತೇನೆ. ಮೊದಲ ಕಾರಣ ಗಣಿತದ್ದು. ಕಾಮಾ ಕುರುಡಾಗಿ ಎಣಿಸುತ್ತದೆ. ಅತ್ತ ಕಡೆ ಒಂದು ಹಬ್ಬದ ಶುಭಾಶಯವೋ ಹೊಸ ಪ್ರಕಟಣೆಯೋ 3 ಸೆಕೆಂಡು ಹೆಚ್ಚು ಸೇರಿದರೆ ಲೆಕ್ಕ ಹಳಿ ತಪ್ಪುತ್ತದೆ. ಒಂದೇ ಹೆಜ್ಜೆ ಇದ್ದರೆ ತಪ್ಪೂ ಒಂದೇ. ನಾಲ್ಕು ಹೆಜ್ಜೆ ಇದ್ದರೆ ಮೊದಲನೆಯದರ ತಪ್ಪು ಎರಡನೆಯದಕ್ಕೆ ಸೇರಿ, ಎರಡನೆಯದು ಮೂರನೆಯದಕ್ಕೆ ಸೇರಿ, ಕೊನೆಗೆ ರೈಲಿನ ವಿಚಾರ ಕೇಳಲು ಹೋದವರು ದೂರು ದಾಖಲಿಸುವ ಕಡೆ ನಿಂತಿರುತ್ತಾರೆ. ಎರಡನೇ ಹೆಜ್ಜೆ ಬೇಕೇ ಬೇಕು ಅಂದರೆ ಅಲ್ಲಿ ಕಾಮಾ ಬೇಡ, ಸೆಮಿಕೋಲನ್ ಹಾಕಿ. ಫೋನು ಕೇಳುತ್ತದೆ, ತಾತ ಆ ದನಿಯನ್ನು ಪೂರಾ ಕೇಳಿ, ಆಮೇಲೆ ಹೂಂ ಒತ್ತುತ್ತಾರೆ. ಸ್ಪೀಕರ್ ಹಾಕಿ ಫೋನನ್ನು ಮುಂದೆ ಇಟ್ಟುಕೊಳ್ಳಲು ಹೇಳಿ, ಪರದೆ ಕಪ್ಪಾಗುವ ತೊಂದರೆಯೂ ಇರುವುದಿಲ್ಲ.

ಎರಡನೇ ಕಾರಣ ಹಣದ್ದು. ಕೆಲವು ಸೇವೆಗಳಲ್ಲಿ ಕೊನೆಗೆ "ಖಚಿತಪಡಿಸಲು 1 ಒತ್ತಿ" ಅಂತ ಬರುತ್ತದೆ. ಆ 1ನ್ನೂ ಸೇವ್ ಮಾಡಿಟ್ಟರೆ, ಚಿಕ್ಕ ತಮ್ಮ ಆಟವಾಡುತ್ತಾ ಆ ಹೆಸರಿನ ಮೇಲೆ ಬೆರಳಿಟ್ಟರೂ ಸಾಕು, ಬೇಡದ ಗ್ಯಾಸ್ ಸಿಲಿಂಡರ್ ಬುಕ್ ಆಗಬಹುದು. ಒಪ್ಪಿಗೆ ಕೊಡುವ ಅಂಕಿಯನ್ನು ಯಾವತ್ತೂ ಮನುಷ್ಯರೇ ಒತ್ತಬೇಕು.

ಮೂರನೇ ಕಾರಣ ನನಗೆ ಎಲ್ಲಕ್ಕಿಂತ ದೊಡ್ಡದು. ತಾತನಿಗೆ ಬುದ್ಧಿ ಕಡಿಮೆ ಇಲ್ಲ. ಎಷ್ಟೋ ವರ್ಷ ಸಂತೆ, ಸಾಲ, ಬಿತ್ತನೆ, ಮದುವೆ ಎಲ್ಲಾ ನಡೆಸಿದವರು ಅವರು. ಅವರಿಗೆ ಅಡ್ಡಿಯಾಗಿದ್ದು ಮೊದಲ ಹತ್ತು ಸೆಕೆಂಡು ಮಾತ್ರ. ಕನ್ನಡ ಕೇಳಿಸಿತು ಅಂದರೆ ಮುಂದಿನದನ್ನು ಅವರು ನಿಧಾನವಾಗಿ ಕೇಳಿ, ಸ್ಪೀಕರಿನಲ್ಲಿ ಇಟ್ಟುಕೊಂಡು ತಾವೇ ಒತ್ತುತ್ತಾರೆ. ನಮ್ಮ ಕೆಲಸ ಬಾಗಿಲು ತೆರೆಯುವುದು. ಒಳಗೆ ಹೋಗಿ ಮಾತಾಡುವುದು ಅವರ ಕೆಲಸ.

ಸೇವ್ ಮಾಡಬಾರದ್ದು

ಕಾಮಾದ ರುಚಿ ಹತ್ತಿದ ಮೇಲೆ ಒಂದು ಅಪಾಯವಿದೆ. "ಬ್ಯಾಂಕಿನವರು ಕಾರ್ಡಿನ ನಂಬರು ಕೇಳುತ್ತಾರೆ, ಅದನ್ನೂ ಸೇರಿಸಿಬಿಡೋಣ" ಅನ್ನಿಸುತ್ತದೆ. ಬೇಡವೇ ಬೇಡ. ಕಾರ್ಡಿನ ನಂಬರು, ಎಟಿಎಂ ಪಿನ್, ಯುಪಿಐ ಪಿನ್, ಆಧಾರ್ ನಂಬರು ಯಾವುದನ್ನೂ ಫೋನ್ ನಂಬರಿನ ಬಾಲಕ್ಕೆ ಕಟ್ಟಬಾರದು. ಕಾಂಟ್ಯಾಕ್ಟ್ ಪಟ್ಟಿ ಬೀಗ ಹಾಕಿದ ಪೆಟ್ಟಿಗೆಯಲ್ಲ. ನೀವು ಅನುಮತಿ ಕೊಟ್ಟ ಆ್ಯಪುಗಳು ಅದನ್ನು ಓದುತ್ತವೆ. ರಿಪೇರಿಗೆ ಕೊಟ್ಟಾಗ ಅಂಗಡಿಯವರ ಕಣ್ಣಿಗೆ ಬೀಳುತ್ತದೆ. "ಆ ನಂಬರು ಕಳಿಸಪ್ಪಾ" ಅಂತ ಯಾರೋ ಕೇಳಿದಾಗ ನೀವೇ ಬಾಲಸಮೇತ ಕಳಿಸಿಬಿಡಬಹುದು. ಒಟಿಪಿಯ ಮಾತಂತೂ ಬಿಡಿ, ಅದು ಪ್ರತಿ ಸಲ ಬೇರೆ. ಸೇವ್ ಮಾಡಿ ಉಪಯೋಗವೂ ಇಲ್ಲ, ಇನ್ನೊಬ್ಬರಿಗೆ ಹೇಳುವಂತೆಯೂ ಇಲ್ಲ.

ನಕ್ಷತ್ರ, ಹ್ಯಾಶ್ ಬಗ್ಗೆಯೂ ಒಂದು ಮಾತು. ಕಾಮಾ ಆದ ಮೇಲೆ ಬರುವ ನಕ್ಷತ್ರ ಬರೀ ಒಂದು ಸ್ವರ: 941 ಮತ್ತು 1209. ಆದರೆ ನಕ್ಷತ್ರದಿಂದಲೇ ಶುರುವಾಗಿ ಹ್ಯಾಶ್‌ನಲ್ಲಿ ಮುಗಿಯುವ ಸಾಲು ಸ್ವರವಲ್ಲ, ನೆಟ್‌ವರ್ಕಿಗೆ ಕೊಡುವ ಆಜ್ಞೆ. ನಿಮ್ಮ ಕರೆಗಳನ್ನು ಇನ್ನೊಬ್ಬರಿಗೆ ತಿರುಗಿಸುವ ಆಜ್ಞೆಯೂ ಅದರಲ್ಲಿ ಇರಬಹುದು. ಮೋಸಗಾರರು ಇದನ್ನು ಬಳಸಿದ್ದರಿಂದ, ಹೀಗೆ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಿರಿ ಎಂದು ಕೇಂದ್ರದ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಗೊತ್ತಿಲ್ಲದವರು ಫೋನಿನಲ್ಲಿ ಹೇಳಿಕೊಟ್ಟ ಯಾವ ಅಂಕಿಯ ಸಾಲನ್ನೂ ಒತ್ತಬೇಡಿ, ಸೇವ್ ಮಾಡಬೇಡಿ.

112, 108, 1098 ಈ ತುರ್ತು ನಂಬರುಗಳಿಗೆ ಯಾವ ಬಾಲವೂ ಬೇಡ. ಅವು ಇದ್ದಂತೆಯೇ ಇರಲಿ.

"ತೆಲುಗು ಬರುತ್ತದಲ್ಲ?"

ಕೆಲವರು ಹೇಳುವುದನ್ನು ಕೇಳಿದ್ದೇನೆ: "ನಮ್ಮವರಿಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಇಷ್ಟೆಲ್ಲಾ ಯಾಕೆ?" ಮಾತು ಸುಳ್ಳಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದಲ್ಲಿ ಮನೆಯೊಳಗೆ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು ಭಾಷೆ ಆಡುವುದು ನಮಗೆ ಹೊಸದಲ್ಲ, ಅದು ನಮ್ಮ ಶಕ್ತಿಯೂ ಹೌದು. ಆದರೆ ಸಂತೆಯ ತೆಲುಗು ಬೇರೆ, ಯಂತ್ರದ ತೆಲುಗು ಬೇರೆ. ಸಂತೆಯಲ್ಲಿ ಅರ್ಥವಾಗದಿದ್ದರೆ "ಏಮಂಟಿವಿ?" ಅಂತ ಕೇಳಬಹುದು. ಯಂತ್ರವನ್ನು ಹಾಗೆ ಕೇಳಲಾಗದು. ಬ್ಯಾಂಕು, ಬೆಳೆ ರೋಗ, ಔಷಧ ಇಂಥ ವಿಚಾರದಲ್ಲಿ ಅರ್ಧ ತಿಳಿದರೆ ಸಾಲದು.

ಇನ್ನು ಕೆಲವರು, "ಮನೆಯಲ್ಲಿ ಹುಡುಗರಿದ್ದಾರೆ, ಅವರೇ ಮಾಡಿಕೊಡ್ತಾರೆ" ಅನ್ನುತ್ತಾರೆ. ನೀವು ಮಾಡಿಕೊಡುತ್ತೀರಿ, ಸರಿ. ಆದರೆ ನೀವು ಶಾಲೆಯಿಂದ ಬರುವ ತನಕ ಅವರು ಕಾಯಬೇಕಲ್ಲ? ಅಷ್ಟರಲ್ಲಿ ಕಚೇರಿ ಮುಚ್ಚುವ ಹೊತ್ತಾಗಿರುತ್ತದೆ. ನಾಳೆ ನೀವು ಓದಲು ಹೈದರಾಬಾದಿಗೋ ರಾಯಚೂರಿಗೋ ಹೋದ ಮೇಲೆ ಯಾರು? ಮೀನು ಕೊಡುವುದಕ್ಕಿಂತ ಬಲೆ ಹೆಣೆದುಕೊಡುವುದು ಮೇಲು. ಆರು ಕಾಮಾ ಹಾಕುವುದಕ್ಕೆ ನಿಮಗೆ ಬೇಕಾಗುವುದು ಹತ್ತು ನಿಮಿಷ.

ಕೇಳುವ ಹಕ್ಕೂ ಇದೆ

ಆದರೆ ಒಂದು ಮಾತು ಬಚ್ಚಿಡಲಾರೆ. ಕಾಮಾ ಕೆಲಸ ಮಾಡುವುದು ಕನ್ನಡಕ್ಕೆ ಒಂದು ಅಂಕಿ ಇದ್ದಾಗ ಮಾತ್ರ. ಕನ್ನಡದ ಅಂಕಿಯೇ ಇಲ್ಲದ ಸಹಾಯವಾಣಿಗೆ ನೂರು ಕಾಮಾ ಹಾಕಿದರೂ ಕನ್ನಡ ಬರುವುದಿಲ್ಲ.

ನಮ್ಮ ಊರುಗಳ ಕಥೆ ನಿಮಗೆ ಗೊತ್ತಿರಲಿ. 1956ರ ನವೆಂಬರ್ 1ರವರೆಗೆ ಗದ್ವಾಲ ತಾಲ್ಲೂಕು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಆ ದಿನ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಗದ್ವಾಲ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಸೇರಿತು. ಆಮೇಲೆ 2014ರಲ್ಲಿ ತೆಲಂಗಾಣ, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆ. ನಕ್ಷೆಯ ಮೇಲಿನ ಗೆರೆಗಳು ಬದಲಾದವು. ಮನೆಯಲ್ಲಿ ಆಡುವ ಮಾತು ಬದಲಾಗಲಿಲ್ಲ.

ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ ಅದು. ನೀವು ಕೂತು ಓದುವ ಕನ್ನಡ ತರಗತಿಗೆ ಅದೂ ಒಂದು ಆಸರೆ. ಅದರ ಹಿಂದಿನ 350ನೇ ವಿಧಿ ಇನ್ನೊಂದು ಮಾತು ಹೇಳುತ್ತದೆ: ತನ್ನ ಕುಂದುಕೊರತೆಯ ಮನವಿಯನ್ನು ಯಾವ ವ್ಯಕ್ತಿಯಾದರೂ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಕೊಡಬಹುದು. ಇದನ್ನು ಬರೆದಾಗ ಮನವಿ ಎಂದರೆ ಕಾಗದ. ಈಗ ಕುಂದುಕೊರತೆ ಹೇಳಿಕೊಳ್ಳುವ ಮೊದಲ ಜಾಗ ಫೋನು. ಕಾಗದಕ್ಕೆ ಇರುವ ಹಕ್ಕು ಫೋನಿನ ಗುಂಡಿಗೂ ಇರಬೇಕು ಎಂಬುದು ನನ್ನ ಅಭಿಪ್ರಾಯ. ಗಡಿ ಜಿಲ್ಲೆಗಳ ಜನರಿಗಾಗಿ ಸಹಾಯವಾಣಿ ನಡೆಸುವವರು ಕನ್ನಡಕ್ಕೊಂದು ಅಂಕಿ ಇಡಲಿ, ಒಮ್ಮೆ ಆರಿಸಿದ ಭಾಷೆಯನ್ನು ಆ ಫೋನ್ ನಂಬರಿಗೆ ನೆನಪಿಟ್ಟುಕೊಳ್ಳಲಿ. ಯಂತ್ರಕ್ಕೆ ಇದು ಕಷ್ಟದ ಕೆಲಸವಲ್ಲ. ಯಾರೂ ಕೇಳದಿದ್ದರೆ ಮಾತ್ರ ಅದು ಆಗುವುದಿಲ್ಲ.

ಹಾಗೆ ಕೇಳುವಾಗ ಕೈಯಲ್ಲಿ ಲೆಕ್ಕ ಇರಬೇಕು. ಅದಕ್ಕೇ ಈ ತಿಂಗಳ ಕೆಲಸ ಇಷ್ಟು. ನಿಮ್ಮ ಮನೆಯವರು ಹೆಚ್ಚಾಗಿ ಬಳಸುವ ಐದು ಸಹಾಯವಾಣಿಗಳನ್ನು ಆರಿಸಿ. ಒಂದು ಹಾಳೆಯಲ್ಲಿ ಗೆರೆ ಹಾಕಿ, ಕನ್ನಡ ಇದೆಯೇ, ಎಷ್ಟನೇ ಅಂಕಿ, ಎಷ್ಟನೇ ಸೆಕೆಂಡಿಗೆ ಕನ್ನಡದ ಸರದಿ ಬರುತ್ತದೆ ಎಂದು ಬರೆಯಿರಿ. ಕನ್ನಡ ಇರುವುದಕ್ಕೆ ಕಾಮಾ ಹಾಕಿ ಮನೆಯ ಹಿರಿಯರ ಫೋನಿನಲ್ಲಿ ಸೇವ್ ಮಾಡಿ, ಹೆಸರನ್ನೂ ಕನ್ನಡದಲ್ಲೇ ಬರೆಯಿರಿ. ಮೂರು ತಿಂಗಳಿಗೊಮ್ಮೆ ಹಚ್ಚಿ ನೋಡಿ, ಅಂಕಿ ಬದಲಾಗಿದ್ದರೆ ತಿದ್ದಿ. ಕನ್ನಡ ಇಲ್ಲದವುಗಳ ಪಟ್ಟಿಯನ್ನು ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಕೊಡಿ. ಎಲ್ಲಾ ಶಾಲೆಗಳ ಪಟ್ಟಿ ಕೂಡಿಸಿದರೆ ಅದೇ ಒಂದು ಮನವಿಯಾಗುತ್ತದೆ.

ಆಮೇಲೆ ಒಂದು ಸಂಜೆ ತಾತನ ಕೈಗೆ ಫೋನ್ ಕೊಟ್ಟು, ಆ ಹೆಸರು ತೋರಿಸಿ, ನೀವು ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ. ಅವರು ಒತ್ತುತ್ತಾರೆ. ಹನ್ನೆರಡು ಸೆಕೆಂಡು ಆಗುತ್ತದೆ. ಅತ್ತ ಕಡೆಯಿಂದ ಕನ್ನಡ ಕೇಳಿಸುತ್ತದೆ. ಆಗ ಅವರು ನಿಮ್ಮನ್ನು ಕರೆಯುವುದಿಲ್ಲ. ತಾವೇ ಮಾತು ಮುಂದುವರಿಸುತ್ತಾರೆ.